ಮಲಕಪ್ಪ ಮಿಸ್ತ್ರಿಗೆ ಸಿಕ್ಕ ಸೋರಿಕೆ

ಲಾರಿ ಎಣ್ಣೆ ಸೋರುತ್ತಿದೆ ಎಂದರೆ ಆ ಕಾಲದ ದಾಂಡೇಲಿಯಲ್ಲಿ ಯಾರೂ ಎರಡನೆಯ ಹೆಸರು ಹೇಳುತ್ತಿರಲಿಲ್ಲ. ಹಳಿಯಾಳ ರಸ್ತೆಯ ಮಗ್ಗುಲಿಗೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಹುಣಸೆ ಮರ, ಮರದ ಕೆಳಗೆ ಮಲಕಪ್ಪ ಮಿಸ್ತ್ರಿ. ನವಲಗುಂದದ ಕಡೆಯವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸುಗಳಿಗೆ ಇದ್ದಿಲು ತುಂಬುತ್ತ ಕೆಲಸ ಕಲಿತವನು. ಆಮೇಲೆ ಹದಿನೈದು ವರ್ಷ ಪೆಟ್ರೋಲ್ ಲಾರಿಗಳ ಹೊಟ್ಟೆ ಬಿಚ್ಚಿ ಹೊಲಿದವನು. ಕಾಗದದ ಗಿರಣಿ ಶುರುವಾಗಿ ಕಾಡಿನ ಬಿದಿರೆಲ್ಲ ಲಾರಿ ಹತ್ತಿ ಇಳಿಯತೊಡಗಿದಾಗ, ಹೆಂಡತಿ ಶಿವಗಂಗವ್ವನನ್ನೂ ಅವಳ ತಮ್ಮ ಶೇಖಪ್ಪನನ್ನೂ ಕರೆದುಕೊಂಡು ದಾಂಡೇಲಿಗೆ ಬಂದು ನೆಲೆನಿಂತ.

ಅವನ ವಿದ್ಯೆ ನೋಡಲು ಜನ ನಿಲ್ಲುತ್ತಿದ್ದರು. ಬೇರೆ ಮಿಸ್ತ್ರಿಗಳು ಎಣ್ಣೆ ಕಂಡ ಕಡೆ ಪಾನಾ ಹಾಕಿ ಬಿಗಿದುಬಿಡುತ್ತಿದ್ದರು. ಮಲಕಪ್ಪ ಅದಕ್ಕೆ ನಗುತ್ತಿದ್ದ. “ಎಣ್ಣಿ ಅನ್ನೂದು ಸುಳ್ಳುಬುರುಕ ಐತಿ ತಮ್ಮಾ. ಕೆಳಗ ಕಂಡ್ರ ಮ್ಯಾಲಿಂದು, ಹಿಂದ ಕಂಡ್ರ ಮುಂದಿಂದು” ಎನ್ನುತ್ತಿದ್ದ. ಮಾತು ನಿಜವೇ. ಮೇಲೆ ಒಸರಿದ ಎಣ್ಣೆ ಕೆಳಕ್ಕೆ ಹರಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಹಾರಿಸುತ್ತದೆ, ಕಡೆಗೆ ತೊಟ್ಟಿಕ್ಕುವುದು ಇನ್ನೆಲ್ಲೋ. ಅದಕ್ಕೇ ಅವನು ಮೊದಲು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಚಿಂದಿಯಿಂದ ಒರೆಸಿ, ಒಣಗಿಸಿ, ಆಮೇಲೆ ತೆಳ್ಳನೆಯ ಬಟ್ಟೆಯಲ್ಲಿ ವಿಭೂತಿ ಪುಡಿ ಕಟ್ಟಿ ಮೈತುಂಬ ಉದುರಿಸುತ್ತಿದ್ದ. ಎಂಜಿನ್ನು ಜಂಗಮಯ್ಯನ ಹಾಗೆ ಬೆಳ್ಳಗೆ ನಿಲ್ಲುತ್ತಿತ್ತು. ಚಾಲೂ ಮಾಡಿ, ಕುಕ್ಕರಗಾಲಿನಲ್ಲಿ ಕೂತು, ಎಲೆಅಡಿಕೆ ಮೆಲ್ಲುತ್ತ ಕಾಯುತ್ತಿದ್ದ. ಬಿಳಿಯ ಮೇಲೆ ಎಲ್ಲಿ ಮೊದಲ ಕಪ್ಪು ಗೆರೆ ಮೂಡಿತೋ ಅಲ್ಲಿಯೇ ಸೋರಿಕೆ.

“ಸುಣ್ಣದ ಪುಡಿ ನಡಿಯೂದಿಲ್ಲೇನ್ರಿ ಮಿಸ್ತ್ರಿ?” ಎಂದು ಯಾರೋ ಕೇಳಿದ್ದಕ್ಕೆ, “ಸುಣ್ಣ ನಿನ್ನ ಎಲಿಗೆ ಹಚ್ಕೊ. ಇಬ್ಬತ್ತಿ ಮುಂದ ಸುಳ್ಳು ನಿಲ್ಲೂದಿಲ್ಲ” ಎಂದಿದ್ದ. ಹೆಮ್ಮೆ ಸ್ವಲ್ಪ ಜಾಸ್ತಿಯೇ ಅನ್ನಿ. ತನ್ನ ಕೈಗೆ ಬಂದ ಸೋರಿಕೆ ಸಿಗದೆ ಹೋದದ್ದು ಒಂದೂ ಇಲ್ಲವೆಂದು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ.

ಹಳಿಯಾಳದ ಮಹಾಂತಪ್ಪ ಸಾವ್ಕಾರನದು ಬಿದಿರು ಸಾಗಿಸುವ ಗುತ್ತಿಗೆ. ಅವನ ಹಳೆಯ ಪೆಟ್ರೋಲ್ ಲಾರಿ ಒಂದು ಮಳೆಗಾಲದ ಕೊನೆಗೆ ಪೊಟೋಲಿ ದಾಟಿದ ತಿರುವಿನಲ್ಲಿ ಕಂದರಕ್ಕೆ ಬಿದ್ದಿತು. ಓಡಿಸುತ್ತಿದ್ದ ದ್ಯಾಮಪ್ಪನನ್ನು ಮೇಲೆತ್ತಲು ಹಗ್ಗ ಸಾಲದೆ ಬಳ್ಳಿ ಕಡಿದು ಹೆಣೆಯಬೇಕಾಯಿತು. ಮೇಲೆ ಬಂದದ್ದು ಹೆಣ. ತಿಂಗಳೊಳಗೆ ಸಾವ್ಕಾರ ಹೊಸ ಡೀಸೆಲ್ ಲಾರಿ ತಂದ. ಅದರ ಕೀಲಿಕೈಯನ್ನು ಕೊಟ್ಟದ್ದು ಶೇಖಪ್ಪನ ಕೈಗೆ.

ತಾಯಿ ಸತ್ತಾಗ ಶೇಖಪ್ಪನಿಗೆ ನಾಲ್ಕು ವರ್ಷ. ಅಕ್ಕ ಶಿವಗಂಗವ್ವನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ, ಆಗಲಿಲ್ಲವೆಂದು ಅವಳು ಅತ್ತದ್ದನ್ನೂ ಯಾರೂ ಕಾಣಲಿಲ್ಲ, ಯಾಕೆಂದರೆ ಶೇಖಪ್ಪ ಇದ್ದ. ಇಪ್ಪತ್ತೆಂಟು ವರ್ಷದ ಗಂಡಾಳು ಇನ್ನೂ ಅಕ್ಕನ ಸೆರಗಿಗೆ ಕೈ ಒರೆಸುತ್ತಿದ್ದ, ಇನ್ನೂ ಮಾವ ಮಲಕಪ್ಪನ ಮೀಸೆಯನ್ನು ಗೇಲಿ ಮಾಡುತ್ತಿದ್ದ. ದ್ಯಾಮಪ್ಪ ಸತ್ತ ದಾರಿಗೆ ಅವನನ್ನು ಕಳಿಸಲು ಅವಳಿಗೆ ಮನಸ್ಸೇ ಬರಲಿಲ್ಲ. ಉಳವಿಗೆ ಹೋಗಿ ಚನ್ನಬಸವಣ್ಣನ ಗದ್ದುಗೆಯ ಮುಂದಿನ ವಿಭೂತಿ ತಂದಳು. ಕುಟ್ಟಿ ಪುಡಿ ಮಾಡಿ ಕಾವಿ ಬಟ್ಟೆಯಲ್ಲಿ ಗಂಟು ಕಟ್ಟಿ ಗಂಡನ ಕೈಗೆ ಕೊಟ್ಟಳು.

“ಇದನ್ನ ಎಂಜಿನ್ನಿನ ಕೊರಳಿಗೆ ಕಟ್ರಿ. ನನ್ನ ತಮ್ಮನ ಜೀವ ಇದರಾಗ ಐತಿ ಅಂತ ತಿಳಕೊಂಡು ಕಟ್ರಿ.”

ಮಲಕಪ್ಪ ಬಾನೆಟ್ಟು ಎತ್ತಿ ಕೊರಳು ಎಲ್ಲಿದೆ ಎಂದು ನೋಡಿದ. ಎಂಜಿನ್ನಿನ ನೆತ್ತಿಯ ಮೇಲಿರುವ ಟ್ಯಾಪೆಟ್ ಕವರಿನಿಂದ ಒಂದು ಗಿಡ್ಡ ಕೊಳವೆ ಎದ್ದಿತ್ತು, ಅದರ ಮೇಲೆ ಅಣಬೆಯಂಥ ಕಬ್ಬಿಣದ ಮುಚ್ಚಳ. ಎಣ್ಣೆ ಹುಯ್ಯುವುದು ಆ ಬಾಯಿಂದಲೇ. ಬರೀ ಕೊಳವೆಗೆ ಕಟ್ಟಿದರೆ ಗಂಟು ಅಲ್ಲಿಯೇ ಎಣ್ಣೆ ಕುಡಿದು ಹೊಲಸಾಗುತ್ತದೆ. ಮುಚ್ಚಳಕ್ಕೇ ಕಟ್ಟಿದರೆ ದಿನಾ ಎತ್ತಿದಾಗ ಕಣ್ಣಿಗೂ ಒತ್ತಿಕೊಳ್ಳಬಹುದು. ಹಾಗೆಂದು ಲೆಕ್ಕ ಹಾಕಿ ಮುಚ್ಚಳದ ಅಂಚಿಗೇ ಮೂರು ಸುತ್ತು ಸುತ್ತಿ ಬಿಗಿದ. ಅಂಚಿನ ಕೆಳಗೆ ಸುತ್ತಲೂ ಸಣ್ಣ ಸಣ್ಣ ತೂತುಗಳಿದ್ದವು. ಹಳೆಯ ಪೆಟ್ರೋಲ್ ಲಾರಿಗಳ ಮುಚ್ಚಳ ಬರೀ ಮುಚ್ಚಳ. ಇದಕ್ಕೆ ಯಾಕೋ ತೂತು ಹೊಡೆದಿದ್ದಾರೆ, ಕಾಡಿನ ಧೂಳು ಒಳಗೆ ಹೋದೀತು ಎಂದು ಬಟ್ಟೆಯನ್ನು ಅವುಗಳ ಮೇಲೂ ಬರುವಂತೆ ಚೆಂದಾಗಿ ಎಳೆದ. ಕೈ ಮುಗಿದ. ಡೀಸೆಲ್ ಎಂಜಿನ್ನು ಅವನಿಗೆ ಹೊಸದು, ಅದನ್ನು ಒಪ್ಪಿಕೊಳ್ಳುವ ಮನುಷ್ಯ ಅವನಲ್ಲ.

ಆರು ತಿಂಗಳು ಏನೂ ಆಗಲಿಲ್ಲ. ಶೇಖಪ್ಪ ದಿನಾ ಮುಂಜಾನೆ ಗಂಟಿನ ಸಮೇತ ಮುಚ್ಚಳ ಎತ್ತಿ, ಕಣ್ಣಿಗೊತ್ತಿ, ಎಣ್ಣೆ ನೋಡಿ, ಮತ್ತೆ ಇಡುತ್ತಿದ್ದ. ಕಾವಿ ಬಟ್ಟೆ ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು. ಎಣ್ಣೆಯ ಆವಿ, ವಿಭೂತಿ, ಕೆಂಧೂಳು ಮೂರೂ ಕಲೆತು ಮುದ್ದೆಯಾಗಿ, ಬಿಸಿಗೆ ಬೆಂದು, ಕುಂಬಾರ ಹುಳದ ಗೂಡಿನಂತೆ ಗಟ್ಟಿಯಾಯಿತು. ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ. ದೇವರ ಗಂಟನ್ನು ಯಾರು ಬಿಚ್ಚುತ್ತಾರೆ?

೧೯೬೩ರ ಯುಗಾದಿ ಮುಗಿದ ವಾರ ಲಾರಿಯ ಕೆಳಗೆ ಮೊದಲ ಹನಿ ಬಿತ್ತು.

ಮಲಕಪ್ಪ ಎಂದಿನಂತೆ ತೊಳೆದ, ಒರೆಸಿದ, ವಿಭೂತಿ ಉದುರಿಸಿದ. ಗೆರೆ ಕೆಳಗಿನ ಎಣ್ಣೆ ಚೇಂಬರಿನ ಅಂಚಿನಲ್ಲಿ ಮೂಡಿತು. ಪ್ಯಾಕಿಂಗ್ ಬದಲಿಸಿದ. “ಸಿಕ್ಕೈತಿ, ಹೋಗು” ಎಂದ. ಒಂಬತ್ತು ದಿನಕ್ಕೆ ಮತ್ತೆ ಎಣ್ಣೆ, ಈ ಸಲ ಮುಂದೆ, ಫ್ಯಾನಿನ ಪುಲ್ಲಿಯ ಹಿಂದಿನ ಸೀಲಿನಿಂದ. ಅದನ್ನೂ ಬದಲಿಸಿದ. ವಾರವಾಗಲಿಲ್ಲ, ಹಿಂದೆ ಗೇರ್‌ಬಾಕ್ಸಿನ ಕಡೆಯಿಂದ ಇಳಿಯಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲಿನಿಂದ ಎಣ್ಣೆ ಹೊರಗೆ ಬರುತ್ತಿತ್ತು. ಹೊಸ ಲಾರಿ, ಹೊಸ ಪ್ಯಾಕಿಂಗ್, ಹೊಸ ಸೀಲು. ಆದರೂ ಒಳಗಿನಿಂದ ಯಾರೋ ನೂಕುತ್ತಿದ್ದಾರೇನೋ ಎನ್ನುವಂತೆ ಎಣ್ಣೆ ಹೊರಗೆ ಬರುತ್ತಲೇ ಇತ್ತು.

ನೂಕುತ್ತಿದ್ದಾರೆ ಎಂಬ ಮಾತು ಬೇರೆಯವರ ಬಾಯಲ್ಲೂ ಬಂತು. ಬಿದಿರು ಹೇರುವ ಆಳುಗಳು ಲಾರಿ ಹತ್ತಲು ಹಿಂದೆಮುಂದೆ ನೋಡತೊಡಗಿದರು. ಸಾವ್ಕಾರ ಹಳೆಯ ಲಾರಿಯಿಂದ ಒಂದು ಜಾಕು, ಎರಡು ಪಾನಾ ತೆಗೆದು ಹೊಸದಕ್ಕೆ ಹಾಕಿದ್ದನಂತೆ, ಅವುಗಳ ಜೊತೆ ದ್ಯಾಮಪ್ಪನೂ ಬಂದಿದ್ದಾನಂತೆ. ಸಾಯುವಾಗ ಅವನ ಮೂಗಿನಿಂದ ಹೀಗೇ ಕರ್ರಗೆ ಇಳಿದಿತ್ತಂತೆ. ಮಲಕಪ್ಪ ಇಂಥ ಮಾತಿಗೆ ಉಗಿಯುತ್ತಿದ್ದವನು. ಆದರೆ ಈಗ ಉಗಿಯುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದ.

ಶೇಖಪ್ಪನಿಗೆ ಎಲ್ಲವೂ ನಗೆಯೇ. “ಬ್ಯಾಸಗಿ ಅಲ್ಲೇನ್ರಿ ಮಾವಾ, ಪಾಪ ಎಂಜಿನ್ ಬೆವರತೈತಿ. ಒಂದು ಬೀಸಣಿಕಿ ಹಿಡದು ಕುಂದ್ರಿ.”

“ನಿನ್ನ ನಾಲಿಗಿ ಮ್ಯಾಲೂ ಸ್ವಲ್ಪ ಇಬ್ಬತ್ತಿ ಉದುರಸ್ತೇನಿ ನೋಡು, ಎಲ್ಲಿ ಸೋರತೈತಿ ಗೊತ್ತಾಗ್ಲಿ!”

ನಾಲ್ಕನೆಯ ಸಲ ಎಣ್ಣೆ ಬಂದದ್ದು ಮೇಲಿನಿಂದ, ಟ್ಯಾಪೆಟ್ ಕವರಿನ ಅಂಚಿನಿಂದ. ಅದು ಬೀಳುತ್ತಿದ್ದದ್ದು ಹೊಗೆ ಹೋಗುವ ಕೊಳವೆಯ ಮೇಲೆ. ಆ ಕೊಳವೆ ಏರಿನಲ್ಲಿ ಕೆಂಪಗೆ ಕಾಯುತ್ತದೆ. ಶೇಖಪ್ಪ ಬಾನೆಟ್ಟು ಎತ್ತಿದಾಗ ನೀಲಿ ಹೊಗೆ ಎದ್ದು ಸುಟ್ಟ ಎಣ್ಣೆಯ ವಾಸನೆ ಬಂತು. ಮಲಕಪ್ಪನ ಮುಖ ಸಣ್ಣಗಾಯಿತು. ಕೆಳಗೆ ಸೋರಿದರೆ ಎಣ್ಣೆ ಹಾಳು, ಅಷ್ಟೇ. ಇಲ್ಲಿ ಸೋರಿದರೆ ಹಿಂದೆ ಐದು ಟನ್ ಬಿದಿರು, ಸುತ್ತ ಬೇಸಿಗೆಯ ಒಣಗಿದ ಕಾಡು, ನಡುವೆ ಶೇಖಪ್ಪ.

“ಇದು ಸಿಗೋತನಕ ಗಾಡಿ ಹೊರಗ ಹೋಗಂಗಿಲ್ಲ” ಎಂದ.

ಎರಡು ದಿನ ಹುಡುಕಿದ. ಕವರಿನ ಪ್ಯಾಕಿಂಗ್ ಕುಯ್ದು ಹೊಸದು ಹಾಕಿದ. ಬೋಲ್ಟು ಒಂದೊಂದಾಗಿ ಬಿಗಿದ. ಚಾಲೂ ಮಾಡಿದರೆ ಐದು ನಿಮಿಷಕ್ಕೆ ಬಿಳಿಯ ಮೇಲೆ ಕಪ್ಪು ಗೆರೆ. ಇನ್ನೊಮ್ಮೆ ಬಿಚ್ಚಿದ. ಕವರು ಸೊಟ್ಟಗಾಗಿದೆಯೇನೋ ಎಂದು ಗಾಜಿನ ಮೇಲಿಟ್ಟು ನೋಡಿದ. ಸೊಟ್ಟಗಿರಲಿಲ್ಲ. ಎಂಜಿನ್ನಿನ ಮೈಯಲ್ಲಿ ಅವನ ಕೈ ಆಡದ ಜಾಗ ಉಳಿದಿರಲಿಲ್ಲ, ಆ ಗಂಟೊಂದನ್ನು ಬಿಟ್ಟು. ತೊಳೆಯುವಾಗಲೆಲ್ಲ ಮುಚ್ಚಳವನ್ನು ಬಲಗೈಯಿಂದ ಎತ್ತಿ, ಕಣ್ಣಿಗೊತ್ತಿ, ಒಗೆದ ಬಟ್ಟೆಯ ಮೇಲಿಟ್ಟು, ಚಾಲೂ ಮಾಡುವ ಮೊದಲು ಮತ್ತೆ ಭಕ್ತಿಯಿಂದ ಕೂರಿಸುತ್ತಿದ್ದ. ಕಂಕುಳಲ್ಲಿ ಕೂಸು, ಊರೆಲ್ಲ ಡಂಗುರ.

ಮೂರನೆಯ ದಿನ ಸೋಮವಾರ. ಶಿವಗಂಗವ್ವ ಬುತ್ತಿ ತಂದವಳು, ಬಟ್ಟೆಯ ಮೇಲಿದ್ದ ಗಂಟನ್ನು ನೋಡಿ, “ಇದಕ್ಕ ಲೋಬಾನ ಹಾಕಿ ಭಾಳ ದಿನಾ ಆತು. ಅದಕ್ಕ ಹಿಂಗ ಆಗಾಕತ್ತೈತಿ” ಎಂದು ಮುಚ್ಚಳದ ಸಮೇತ ಮನೆಗೆ ಒಯ್ದಳು. ಮಲಕಪ್ಪ ಕೊಳವೆಯ ಬಾಯಿಗೆ ಒಂದು ತಗಡಿನ ಚೂರನ್ನು ವಾರೆಯಾಗಿ ಇಟ್ಟು ಚಾಲೂ ಮಾಡಿದ. ವಿಭೂತಿ ಉದುರಿಸಿ ಕೂತ. ಐದು ನಿಮಿಷ. ಹತ್ತು. ಅರ್ಧ ತಾಸು. ಗಿರಣಿಯ ಮಧ್ಯಾಹ್ನದ ಭೋಂಗಾ ಕೂಗಿತು. ಎಂಜಿನ್ನು ಬೆಳ್ಳಗೇ ಇತ್ತು, ಒಂದು ಗೆರೆಯೂ ಮೂಡಲಿಲ್ಲ.

ಅಷ್ಟರಲ್ಲಿ ಮಹಾಂತಪ್ಪ ಸಾವ್ಕಾರ ಬಂದ. ಜೊತೆಗೆ ನಾಲ್ಕು ಜನ ಡ್ರೈವರುಗಳು ಬೀಡಿ ಸೇದುತ್ತ ನಿಂತರು.

“ಏನು ಮಿಸ್ತ್ರಿ, ಸಿಕ್ತೇನು? ಮಳಿ ಬರೂದರೊಳಗ ಬಿದಿರು ಇಳಸಬೇಕು. ನಿನಗ ಆಗೂದಿಲ್ಲಂದ್ರ ಹೇಳಿಬಿಡು, ಹುಬ್ಬಳ್ಳಿಯವರನ್ನ ಕರಸ್ತೇನಿ.”

ಹುಬ್ಬಳ್ಳಿಯವರನ್ನ! ಮಲಕಪ್ಪನ ಕಿವಿಯ ತುದಿ ಬಿಸಿಯಾಯಿತು. ನಿಂತದ್ದು ಬೇರೆ, ಸಿಕ್ಕದ್ದು ಬೇರೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೋರುವುದು ನಿಂತಿತ್ತು, ಯಾಕೆ ನಿಂತಿತು ಎಂದು ಅವನಿಗೆ ಗೊತ್ತಿರಲಿಲ್ಲ. ಇನ್ನೊಂದು ದಿನ ಕೊಡ್ರಿ ಎನ್ನಬಹುದಿತ್ತು. ನಾಲ್ಕು ಜನ ಡ್ರೈವರುಗಳು ಅವನ ಬಾಯನ್ನೇ ನೋಡುತ್ತಿದ್ದರು.

“ಸಿಕ್ಕೈತ್ರಿ ಸಾವ್ಕಾರ್ರ” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆ ಶಿವಗಂಗವ್ವ ಲೋಬಾನದ ವಾಸನೆ ಹೊಡೆಯುವ ಗಂಟನ್ನು ತಂದುಕೊಟ್ಟಳು. ಮಲಕಪ್ಪ ಮುಚ್ಚಳವನ್ನು ಕೊಳವೆಯ ಮೇಲೆ ಕೂರಿಸಿ, ಅಲುಗಾಡದಂತೆ ಗಟ್ಟಿಯಾಗಿ ಒತ್ತಿದ. “ಎಲ್ಲಿ ಇತ್ರಿ ಮಾವಾ?” ಎಂದು ಶೇಖಪ್ಪ ಕೇಳಿದ. “ನಿನಗ ಹೇಳಿದ್ರ ತಿಳಿಯೂದಿಲ್ಲ ತಗೋ” ಎಂದು ಕೈ ತೊಳೆಯಲು ಹೋದ. ಶೇಖಪ್ಪ ನಕ್ಕ.

ಮಂಗಳವಾರ ಮುಂಜಾನೆ ಮೊದಲ ಭೋಂಗಾ ಕೂಗುವ ಮೊದಲೇ ಶೇಖಪ್ಪ ಹೊರಟುಹೋಗಿದ್ದ. ಗುಂದದ ಆಚೆ ಬಿದಿರು ಹೇರಿಕೊಂಡು ಮಧ್ಯಾಹ್ನಕ್ಕೆ ತಿರುಗಿ ಬರುವವನು. ಮಲಕಪ್ಪನಿಗೆ ಎದ್ದಾಗಿನಿಂದ ಯಾತಕ್ಕೂ ಮನಸ್ಸಿರಲಿಲ್ಲ. ಶೆಡ್ಡಿಗೆ ಮುಂಡಗೋಡದ ಅಡಿವೆಯ್ಯ ತನ್ನ ಲಾರಿ ತಂದಿದ್ದ, ಅದೂ ಅಂಥದೇ ಡೀಸೆಲ್ಲು. ಕ್ಲಚ್ಚಿನ ಏನೋ ದೂರು. ಎಂಜಿನ್ನು ಚಾಲೂ ಇತ್ತು, ಬಾನೆಟ್ಟು ತೆರೆದಿತ್ತು. ಮಲಕಪ್ಪ ಬಗ್ಗಿ ನೋಡುತ್ತಿದ್ದಾಗ, ಅಣಬೆ ಮುಚ್ಚಳದ ಅಂಚಿನ ತೂತುಗಳಿಂದ ತೆಳ್ಳಗೆ ಹೊಗೆ ಬರುವುದು ಕಂಡಿತು. ಒಂದೇ ಸಮನೆ ಬರುತ್ತಿರಲಿಲ್ಲ. ಪುಸ್, ಪುಸ್ ಎಂದು ತಾಳ ಹಾಕಿದಂತೆ ಬರುತ್ತಿತ್ತು.

“ಇದ್ಯಾಕ ಇಲ್ಲಿಂದ ಹೊಗಿ ಬರತೈತಿ?”

ಅಡಿವೆಯ್ಯನಿಗೆ ಮಿಸ್ತ್ರಿ ಚೇಷ್ಟೆ ಮಾಡುತ್ತಿದ್ದಾನೆ ಅನ್ನಿಸಿತು. “ಯಾಕಂದ್ರ? ಎಂಜಿನ್ ಉಸುರಾಡೂದು ಅಲ್ಲಿಂದನ ಅಲ್ರಿ. ಒಳಗಿನ ಉಬ್ಬರ ಹೊರಗ ಹೋಗಬೇಕಲ್ಲ. ನಿಮಗ ನಾ ಹೇಳಬೇಕೇನ್ರಿ?”

ಮಲಕಪ್ಪ ಎರಡೂ ಅಂಗೈಗಳಿಂದ ಮುಚ್ಚಳವನ್ನು ಸುತ್ತುಗಟ್ಟಿ, ತೂತುಗಳೆಲ್ಲ ಮುಚ್ಚುವಂತೆ ಅವುಚಿ ಹಿಡಿದ. ಕೈ ಸುಡುತ್ತಿತ್ತು, ಬಿಡಲಿಲ್ಲ. ಒಳಗಿನಿಂದ ಏನೋ ಅಂಗೈಯನ್ನು ನೂಕುತ್ತಿತ್ತು, ಮತ್ತೆ ಮತ್ತೆ, ಜೋರಾಗಿ. ಕವರಿನ ಅಂಚಿನಲ್ಲಿ ಒಂದು ಹೊಳೆಯುವ ಮಣಿ ಕಾಣಿಸಿತು. ಪಕ್ಕದಲ್ಲಿ ಇನ್ನೊಂದು. ಎರಡೂ ಕೂಡಿ ಗೆರೆಯಾಗಿ ಇಳಿದವು. ಕೈ ತೆಗೆದ. ಭುಸ್ ಎಂದು ಹೊಗೆ ಹೋಯಿತು. ಗೆರೆ ಅಲ್ಲಿಗೇ ನಿಂತಿತು.

“ಯಪ್ಪಾ ಶಿವನ... ನಾನ ಕಟ್ಟೇನಲ್ಲೋ” ಎಂದ ಮಲಕಪ್ಪ.

“ಏನ್ ಕಟ್ಟೀರಿ?”

“ಗಾಡಿ ತಿರುವು. ಪೊಟೋಲಿ ದಾರಿ ಹಿಡಿ. ಏನೂ ಕೇಳಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ, ಲಗೂ ಹೊಡಿ.”

ಊರು ದಾಟಿದ ಮೇಲೆ ಮಲಕಪ್ಪ ಬಾಗಿಲಿನಿಂದ ಹೊರಗೆ ಬಾಗಿ ರಸ್ತೆಯನ್ನೇ ನೋಡುತ್ತ ಕೂತ. ಕೆಂಪು ಧೂಳಿನ ಮೇಲೆ ಕಪ್ಪು ಹನಿಗಳು. ಅವನಿಗೆ ಅವು ಅಕ್ಷರದ ಹಾಗೆ ಓದಲು ಬರುತ್ತಿದ್ದವು. ಮೊದಲಿಗೆ ಒಂದು ಮಾರಿಗೆ ಒಂದು ಹನಿ. ಸಪಾಟಿನಲ್ಲಿ ಅಷ್ಟೇ. ಏರು ಬಂದಲ್ಲಿ ಮೊಳಕ್ಕೊಂದು. ಪೊಟೋಲಿಯ ಹತ್ತಿರ ಒಂದು ಕಡೆ ಅಂಗೈ ಅಗಲದ ಕಲೆ ಇತ್ತು. ಶೇಖಪ್ಪ ಅಲ್ಲಿ ನಿಲ್ಲಿಸಿ ಚಹಾ ಕುಡಿದಿರಬೇಕು. ನಿಂತವನು ಕೆಳಗೆ ಬಗ್ಗಿ ನೋಡಲಿಲ್ಲವೇ? ಯಾಕೆ ನೋಡುತ್ತಾನೆ? ಮಾವ ಸಿಕ್ಕಿದೆ ಅಂದಿದ್ದನಲ್ಲ.

ಪೊಟೋಲಿ ದಾಟಿದ ಮೇಲೆ ಹನಿ ಗೇಣಿಗೊಂದು ಬಂತು. ದ್ಯಾಮಪ್ಪ ಬಿದ್ದ ತಿರುವಿನಲ್ಲಿ ಹನಿ ಹನಿಯಾಗಿ ಉಳಿದಿರಲಿಲ್ಲ, ದಾರ ಎಳೆದಂತಿತ್ತು. ಕಾಡಿನಲ್ಲಿ ಗಾಳಿ ಇರಲಿಲ್ಲ. ಒಣ ಬಿದಿರೆಲೆ ರಸ್ತೆಯ ಎರಡೂ ಬದಿ ಮೊಣಕಾಲುದ್ದ ಬಿದ್ದಿತ್ತು. ದೂರದಲ್ಲಿ ಢಂ ಎಂದು ಒಂದು ಶಬ್ದ. ಮತ್ತೊಂದು. ಆಮೇಲೆ ಎರಡು ಒಟ್ಟಿಗೆ.

“ಯಾರೋ ಬ್ಯಾಟಿಗೆ ಬಂದಾರ ಕಾಣತೈತಿ” ಎಂದ ಅಡಿವೆಯ್ಯ.

ಮಲಕಪ್ಪನಿಗೆ ಗೊತ್ತಿತ್ತು. ಹಸಿ ಬಿದಿರು ಬೆಂಕಿಯಲ್ಲಿ ಬಿದ್ದರೆ ಗಣ್ಣುಗಳು ಹಾಗೆ ಸಿಡಿಯುತ್ತವೆ. ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

ತಿರುವು ದಾಟಿದ ಮೇಲೆ ಹೊಗೆ ಕಂಡಿತು. ತಿರುಗಿ ಬರುತ್ತಿದ್ದ ಶೇಖಪ್ಪನ ಲಾರಿ ಏರಿನ ನಡುವೆ ನಿಂತು ಉರಿಯುತ್ತಿತ್ತು, ಬಿದಿರಿನ ಹೇರು ಪೂರ್ತಿ ಹೊತ್ತಿಕೊಂಡಿತ್ತು. ಹೇರುವ ಆಳುಗಳು ಸೊಪ್ಪು ಕಡಿದು ಕಾಡಿನ ಅಂಚಿಗೆ ಬೆಂಕಿ ಹತ್ತದಂತೆ ಬಡಿಯುತ್ತಿದ್ದರು. ರಸ್ತೆಯ ಈಚೆ ಶೇಖಪ್ಪ ಕೂತಿದ್ದ. ಮುಖದ ಒಂದು ಬದಿ ಕಪ್ಪಾಗಿತ್ತು, ಹುಬ್ಬು ಇರಲಿಲ್ಲ. ಸುಟ್ಟ ಎರಡೂ ಕೈಗಳಿಗೆ ಆಳುಗಳು ಹಸಿ ಮಣ್ಣು ಮೆತ್ತಿ ತೊಡೆಯ ಮೇಲೆ ಇಟ್ಟಿದ್ದರು. ಆ ಮಣ್ಣಿನ ಮುದ್ದೆಯ ನಡುವೆ ಏನೋ ಹಿಡಿದುಕೊಂಡಿದ್ದ, ಬಿಡಿಸಲು ಹೋದರೆ ಚೀರುತ್ತಿದ್ದನಂತೆ.

“ಹೊಗಿ ಬಂತಂತ ನಿಂದರಿಸಿದೆ ಮಾವಾ” ಎಂದ. ಹಲ್ಲು ಕಟಕಟಿಸುತ್ತಿದ್ದವು. “ಇಳದು ದೂರ ಓಡಿದ್ದೆ. ಆಮ್ಯಾಲ ಅಕ್ಕನ ಗಂಟು ಒಳಗ ಉಳೀತಲ್ಲ ಅಂತ ನೆನಪಾತು. ಬಾನೆಟ್ ಎತ್ತಿದೆ, ಭಗ್ಗ ಅಂತ ಬಂತು. ತಗೊಂಡೆ ನೋಡ್ರಿ. ಬಿಡಲಿಲ್ಲ.”

ಮಣ್ಣಿನೊಳಗೆ ಇದ್ದದ್ದು ಆ ಮುಚ್ಚಳ.

ಮಲಕಪ್ಪ ಅವನನ್ನು ಅಪ್ಪಿಕೊಂಡು ಎತ್ತಿ ಲಾರಿಗೆ ಹಾಕಿದ. ದಾರಿಯುದ್ದಕ್ಕೂ ಅತ್ತ. ಅಡಿವೆಯ್ಯ ಲಾರಿ ಓಡಿಸಿದ.

ಜೀವ ಉಳಿಯಿತು. ಎರಡು ತಿಂಗಳು ಧಾರವಾಡದ ಆಸ್ಪತ್ರೆಯಲ್ಲಿದ್ದು ಶೇಖಪ್ಪ ಮನೆಗೆ ಬಂದಾಗ ಮಳೆ ಹಿಡಿದಿತ್ತು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮಡಚಿಕೊಂಡಿದ್ದವು. ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಆಡುತ್ತಿತ್ತು. ಸ್ಟೇರಿಂಗು ಹೋಗಲಿ, ತಂಬಿಗೆ ಹಿಡಿಯಲೂ ಬರುತ್ತಿರಲಿಲ್ಲ. ಶಿವಗಂಗವ್ವ ನಾಲ್ಕು ವರ್ಷದ ತಮ್ಮನಿಗೆ ಉಣಿಸಿದ ಹಾಗೆ ಮತ್ತೆ ತುತ್ತು ಮಾಡಿ ಉಣಿಸತೊಡಗಿದಳು. ಮುಚ್ಚಳದ ಸಮೇತ ಆ ಕರಕಲು ಗಂಟನ್ನು ದೇವರ ಮಾಡದಲ್ಲಿ ಇಟ್ಟಿದ್ದಳು.

“ಕೈ ಹೋದ್ರ ಹೋಗ್ಲಿ, ಜೀವ ಉಳಸ್ತು ನನ್ನಪ್ಪ” ಎನ್ನುತ್ತಿದ್ದಳು ಬಂದವರೆದುರು. “ದ್ಯಾಮಪ್ಪಗ ಕಟ್ಟಾಕ ಯಾರೂ ಇರಲಿಲ್ಲ ನೋಡ್ರಿ.”

ಮಲಕಪ್ಪ ಕೇಳುತ್ತ ಕೂರುತ್ತಿದ್ದ. ಹೇಳಬೇಕೆಂದು ಬಾಯಿ ತೆರೆದು ಎಷ್ಟು ಸಲ ಮುಚ್ಚಿದನೋ. ಶೆಡ್ಡಿನಲ್ಲಿ ಎಣ್ಣೆ ಸೋರುವ ಲಾರಿ ಬಂದರೆ, “ಬ್ಯಾರೆ ಕಡೆ ತೋರಸ್ರಿ” ಎಂದು ಕಳಿಸುತ್ತಿದ್ದ. ಜನ ಅದನ್ನು ದುಃಖ ಎಂದುಕೊಂಡರು. ದುಃಖವೂ ಹೌದು. ಆದರೆ ಹೆಚ್ಚಿನದು ಹೆದರಿಕೆ. ಹೆಂಡತಿಯ ಕಣ್ಣನ್ನು ಅವನು ಎರಡು ತಿಂಗಳಿಂದ ನೆಟ್ಟಗೆ ನೋಡಿರಲಿಲ್ಲ.

ಮಳೆ ಬಿಟ್ಟ ಮೇಲೆ ಮಹಾಂತಪ್ಪ ಸಾವ್ಕಾರ ಇನ್ನೊಂದು ಡೀಸೆಲ್ ಲಾರಿ ತಂದ. ಅದಕ್ಕೆ ಡ್ರೈವರು ಸಾತಪ್ಪ, ಬೆಳಗಾವಿ ಕಡೆಯವನು, ಮದುವೆಯಾಗಿ ವರ್ಷವಾಗಿತ್ತು. ಊರಿನಲ್ಲಿ ಕೇಳಿದ ಸುದ್ದಿಗೆ ಅವನು ಒಂದು ದಿನ ಮುಂಜಾನೆ ಲಾರಿ ತಂದು ಮಲಕಪ್ಪನ ಮನೆಯ ಮುಂದೆಯೇ ನಿಲ್ಲಿಸಿದ.

“ನಮ್ಮ ಗಾಡಿಗೂ ಒಂದು ಕಟ್ಟಿಕೊಡ್ರಿ ಅವ್ವಾರ. ಶೇಖಪ್ಪನ ಜೀವ ಉಳಸಿದಂಥಾದ್ದು.”

ಶಿವಗಂಗವ್ವ ಮೊದಲೇ ಮಾಡಿಟ್ಟಿದ್ದಳು. ಹೊಸ ಕಾವಿ ಬಟ್ಟೆ, ಉಳವಿಯ ವಿಭೂತಿ. ಗಂಟನ್ನು ತಂದು ಗಂಡನ ಅಂಗೈಯಲ್ಲಿ ಇಟ್ಟಳು. “ಅದ ಜಾಗಾದಾಗ ಕಟ್ರಿ. ಗಟ್ಟಿ ಕಟ್ರಿ.”

ಶೇಖಪ್ಪ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಸಾತಪ್ಪ ಉತ್ಸಾಹದಿಂದ ಬಾನೆಟ್ಟು ಎತ್ತಿದ. ಮಲಕಪ್ಪ ಗಂಟು ಹಿಡಿದು ಎರಡು ಹೆಜ್ಜೆ ನಡೆದ. ಅಣಬೆ ಮುಚ್ಚಳ, ಅದರ ಕೆಳಗೆ ಸಾಲಾಗಿ ಸಣ್ಣ ತೂತು. ಪುಸ್ ಪುಸ್ ಎಂದು ಉಸಿರಾಡುತ್ತಿತ್ತು. ಅವನು ಅಲ್ಲಿಯೇ ಕೂತ.

“ನಾ ಕಟ್ಟೂದಿಲ್ಲ” ಎಂದ.

“ಯಾಕ್ರಿ, ಏನಾತು?”

“ಗಂಟು ಜೀವ ಉಳಸಲಿಲ್ಲ ಗಂಗವ್ವಾ. ಗಂಟಿನಿಂದನ ಸೋರಿದ್ದು. ಗಂಟಿನ ತಪ್ಪಲ್ಲ, ನಂದು. ಎಂಜಿನ್ನು ಉಸುರು ಬಿಡೂದು ಆ ಮುಚ್ಚಳದಾಗಿಂದ. ನಾ ಅದರ ಬಾಯಿ ಸುತ್ತೂ ಮೂರು ಸುತ್ತು ಹಾಕಿ ಬಿಗದೆ. ಉಸುರು ಹೋಗಾಕ ಜಾಗ ಸಿಗಲಿಲ್ಲ, ಎಣ್ಣಿ ನೂಕಿಕೊಂಡು ಹೊರಗ ಬಂತು. ಸೋಮವಾರ ನೀ ಗಂಟು ಮನಿಗೆ ಒಯ್ದಾಗ ನಿಂತಿತ್ತು. ಯಾಕ ನಿಂತಿತಂತ ಗೊತ್ತಾಗಲಿಲ್ಲ. ಗೊತ್ತಾಗಲಾರದನ ಸಿಕ್ಕೈತಿ ಅಂದೆ. ನಾಕು ಮಂದಿ ಎದುರಿಗೆ ಮಾನ ಹೋಗತೈತಿ ಅಂತ ಅಂದೆ.”

ಸಾತಪ್ಪ ಸದ್ದಿಲ್ಲದೆ ಹೋಗಿ ಎಂಜಿನ್ನು ಬಂದ್ ಮಾಡಿದ. ಶಿವಗಂಗವ್ವ ನಿಂತಲ್ಲೇ ನಿಂತಿದ್ದಳು. ಅವಳು ಚೀರಿದ್ದರೆ, ಎದೆ ಬಡಿದುಕೊಂಡಿದ್ದರೆ ಮಲಕಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

“ನಾ ಕೊರಳಿಗೆ ಕಟ್ರಿ ಅಂದಿದ್ದೆ” ಎಂದಳು ಕಡೆಗೆ. “ಬಾಯಿ ಕಟ್ರಿ ಅಂದಿದ್ನೇನು?”

ಅವನ ಅಂಗೈಯಲ್ಲಿದ್ದ ಗಂಟನ್ನು ತೆಗೆದುಕೊಂಡಳು. ಸಾತಪ್ಪನ ಲಾರಿಯ ಬಾಗಿಲ ಬಳಿ ಹೋಗಿ, ಕಾಲ್ಬೆರಳ ಮೇಲೆ ನಿಂತು, ಹೊರಗಿನ ಕನ್ನಡಿಯ ಕಂಬಿಗೆ ತಾನೇ ಕಟ್ಟಿದಳು. ಗಂಟು ಸರಿಯಾಗಿ ಬಿತ್ತು. ಆಮೇಲೆ ಗಂಡನ ಕಡೆ ನೋಡದೆ ಒಳಗೆ ಹೋದಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು, ಎಂದಿಗಿಂತ ಜೋರಾಗಿ.

ಸಾತಪ್ಪ ಲಾರಿ ತೆಗೆದುಕೊಂಡು ಹೋದ. ಅಂಗಳದಲ್ಲಿ ಮಲಕಪ್ಪ ತಲೆ ಬಗ್ಗಿಸಿ ಕೂತೇ ಇದ್ದ. ಕಟ್ಟೆಯ ಮೇಲಿನಿಂದ ಶೇಖಪ್ಪ ತನ್ನ ಮಡಚಿದ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಎಂದಿನ ಗೇಲಿಯ ದನಿಯಲ್ಲೇ ಮಾತಾಡಲು ನೋಡಿದ. ದನಿ ಒಡೆಯಿತು.

“ಹಂಗಾರ ಸಿಕ್ಕಂಗಾತಲ್ರಿ ಮಾವಾ, ಸೋರೂದು.”

ಮಲಕಪ್ಪ ಹೂಂ ಎಂದ.